ಭಾಷಣದಲ್ಲಿ ಆನೆ ಎಷ್ಟು ಸಲ ಬಂತು?

2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದದ್ದು ನಿಮಗೆ ನೆನಪಿರಬಹುದು. ಮೂರು ತಿಂಗಳೊಳಗೆ ವಿಧಾನಸಭಾ ಚುನಾವಣೆ ಬಂತು. ಪುತ್ತೂರು, ಸುಳ್ಯ, ಕಡಬದಲ್ಲಿ ಎಲ್ಲಿ ನೋಡಿದರೂ ಭಾಷಣ. ಅಷ್ಟು ಮಾತಿನಲ್ಲಿ ಆನೆಗೆ ಎಷ್ಟು ಜಾಗ, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಎಷ್ಟು? ಕಂಪ್ಯೂಟರ್‌ನಲ್ಲಿ ಎಣಿಸಿ ಚಿತ್ರ ಮಾಡಬಹುದಲ್ವಾ?

ಮಾಡಬಹುದು. ವೋಯಂಟ್ ಟೂಲ್ಸ್ ಅಂತ ಒಂದು ಉಚಿತ ಸಾಧನ ಇದೆ. ಭಾಷಣದ ಪಠ್ಯ ಹಾಕಿದರೆ, ಹೆಚ್ಚು ಸಲ ಬಂದ ಪದವನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಸದನದ ಚರ್ಚೆ ಹಾಕಿ ನೋಡಿ, ‘ಮಾನ್ಯ’, ‘ಮತ್ತು’, ‘ಈ’ ಇವೇ ದೊಡ್ಡದಾಗಿ ಕೂತಿರ್ತವೆ. ಸರಿ, ಅವನ್ನು ತೆಗೆದುಹಾಕೋಣ.

ನಿಜವಾದ ತೊಡಕು ಆಮೇಲೆ. ಆನೆ, ಆನೆಗೆ, ಆನೆಯಿಂದ, ಆನೆಗಳು – ನಮಗೆ ಒಂದೇ ಪ್ರಾಣಿ, ಕಂಪ್ಯೂಟರ್‌ಗೆ ನಾಲ್ಕು ಬೇರೆ ಪದ. ಲೆಕ್ಕ ನಾಲ್ಕಾಗಿ ಹಂಚಿಹೋಗಿ ಎಲ್ಲವೂ ಚಿಕ್ಕದಾಗಿ ಕಾಣ್ತದೆ. ‘ಆನೆ’ ಎಂಬ ಅಕ್ಷರಗಳು ಎಲ್ಲಿದ್ದರೂ ಹುಡುಕು ಅಂದರೆ ‘ಕಾಡಾನೆ’ ಸಿಗುವುದಿಲ್ಲ. ಯಾಕಂದ್ರೆ ಸಂಧಿಯಾದಾಗ ‘ಆ’ ಅಕ್ಷರ ಹೋಗಿ ಡಕಾರಕ್ಕೆ ದೀರ್ಘ ಬಂದಿದೆ. ಕಂಪ್ಯೂಟರ್‌ಗೆ ಅವೆರಡೂ ಬೇರೆ ಬೇರೆ ಗುರುತು. ಹಾಗಾದ್ರೆ ದೀರ್ಘದ ಜೊತೆ ‘ನೆ’ ಹುಡುಕೋಣ ಅಂದ್ರೆ, ‘ಬರುತ್ತಾನೆ’, ‘ಹೇಳುತ್ತಾನೆ’ ಎಲ್ಲವೂ ಆನೆಯಾಗಿಬಿಡ್ತವೆ! ಇನ್ನು ‘ಒಂಟಿ ಸಲಗ’ ಅಂದರೆ ಲೆಕ್ಕಕ್ಕೇ ಇಲ್ಲ. ಭಾಷಣಕಾರರು ನಡುವೆ ತುಳುವಿಗೋ ಅರೆಭಾಷೆಗೋ ಹೊರಳಿದರೆ ಪದಪಟ್ಟಿಯನ್ನೇ ಬದಲಿಸಬೇಕು.

ಇದು ಬರೀ ವ್ಯಾಕರಣದ ತಮಾಷೆ ಅಲ್ಲ. ಚಿತ್ರದಲ್ಲಿ ಆನೆ ಚಿಕ್ಕದಾಗಿ ಕಂಡರೆ, ‘ಈ ಊರಿಗೆ ಅದು ದೊಡ್ಡ ಸಮಸ್ಯೆ ಅಲ್ಲ’ ಅಂತ ದೂರದಲ್ಲಿ ಕೂತವರು ತೀರ್ಮಾನಿಸಬಹುದು. ಸಂಜೆ ತೋಟದಿಂದ ಮನೆಗೆ ನಡೆದು ಬರುವವರಿಗೆ ಗೊತ್ತು ಅದು ಎಷ್ಟು ದೊಡ್ಡದು ಅಂತ.

ಎಣಿಕೆ ಸರಿಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಪದ ಇರುವ ವಾಕ್ಯದ ಕ್ರಿಯಾಪದ ನೋಡಿ. ‘ಕಂದಕ ತೋಡಿಸಿದ್ದೇವೆ’ ಅಂದರೆ ಹೋಗಿ ನೋಡಬಹುದು. ‘ತೋಡಿಸುತ್ತೇವೆ’ ಅಂದರೆ ಯಾವಾಗ ಅಂತ ಕೇಳಬಹುದು. ‘ಕ್ರಮ ಕೈಗೊಳ್ಳಲಾಗುವುದು’ ಅಂದರೆ? ಅಲ್ಲಿ ಮಾಡುವವರೇ ಇಲ್ಲ. ನಾನಾದ್ರೆ ಈ ಮೂರಕ್ಕೂ ಮೂರು ಬೇರೆ ಬಣ್ಣ ಕೊಡ್ತೇನೆ. ಆಗ ಚಿತ್ರ ನೋಡಿದ ಕೂಡಲೇ, ಯಾರು ಜವಾಬ್ದಾರಿ ತಗೊಂಡಿದ್ದಾರೆ, ಯಾರು ಜಾರಿಕೊಂಡಿದ್ದಾರೆ ಅಂತ ಗೊತ್ತಾಗ್ತದೆ.

ಮುಂದಿನ ಸಲ ವಾಟ್ಸಾಪ್‌ನಲ್ಲಿ ಇಂಥ ಬಣ್ಣಬಣ್ಣದ ಪದಚಿತ್ರ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರನ್ನು ಒಂದು ಮಾತು ಕೇಳಿ: ‘ಇದರಲ್ಲಿ ಕಾಡಾನೆಯನ್ನು ಎಣಿಸಿದ್ದೀರಾ?’