ಪ್ಲೇಟಿನೊಡನೆ ಒಂದು ಚೀಟಿ



ಪ್ಲೇಟು ಎಂದರೆ ಹೋಟೆಲಿನವರಾದ ನಮಗೆ ಮೊದಲು ನೆನಪಾಗುವುದು ಇಡ್ಲಿಯದೇ. ಇವತ್ತಿನ ಮಾತು ಹಾಡಿನ ಪ್ಲೇಟಿನದು. ಹಳೆಯ ಪ್ಲೇಟುಗಳನ್ನು ನಾವು ಒಬ್ಬರಿಗೊಬ್ಬರು ಕೊಡುತ್ತೇವೆ. ಕೊಡುವಾಗ 'ಚೆನ್ನಾಗಿದೆ, ಕೇಳಿ' ಎಂದಷ್ಟೇ ಹೇಳುತ್ತೇವೆ. ಅದು ಸಾಲದು.

ಗಂಗೂಬಾಯಿ ಹಾನಗಲ್ ಅವರ ಒಂದು ಪ್ಲೇಟಿನಿಂದ ನಮ್ಮ ಇಬ್ಬರು ಗೆಳೆಯರಿಗೆ ಮಾತು ಬಿಟ್ಟಿದೆ. ಒಬ್ಬರು ಕೊಟ್ಟದ್ದು 1930ರ ದಶಕದ್ದು. ಮೇಲೆ 'ಗಾಂಧಾರಿ' ಎಂಬ ಹೆಸರು, ಒಳಗೆ ತೆಳುವಾದ ಎಳೆಯ ದನಿ. ಅವರ ಗಂಭೀರ ಕಂಠವನ್ನೇ ಬಲ್ಲ ಇನ್ನೊಬ್ಬರು, 'ಯಾರದೋ ಹಾಡು ಕೊಟ್ಟು ಮೋಸ ಮಾಡಿದಿರಿ' ಎಂದುಬಿಟ್ಟರು. ಮೋಸವೇನೂ ಇಲ್ಲ. ಆ ಹೆಸರಿನಲ್ಲಿ ಹಾಡಿದವರು ಅವರೇ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಬದಲಾಯಿತು. ಕೊಡುವಾಗಲೇ ಇಷ್ಟು ಹೇಳಿದ್ದರೆ, ಒಂದೇ ಕೋಣೆಯವರು ಬೆನ್ನು ತಿರುಗಿಸಿ ಮಲಗುವ ಹಾಗಾಗುತ್ತಿರಲಿಲ್ಲ.

ಆ ಕಾಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲೇ ಆಲಾಪ, ತಾನ ಎಲ್ಲ ಮುಗಿಯಬೇಕು. 'ವಿಸ್ತಾರವಿಲ್ಲ' ಎಂದು ಹಳಿಯುವುದು ನ್ಯಾಯವಲ್ಲ. ವಿಸ್ತಾರ ಬೇಕಾದವರು ಎಲ್.ಪಿ. ಕೇಳಲಿ. ನಮ್ಮ ಕಡೆಯವರೆಂಬ ಅಭಿಮಾನಕ್ಕೆ ಸಪ್ಪೆ ಹಾಡನ್ನು ಹೊಗಳುವುದೂ ಬೇಡ. ಸಪ್ಪೆ ಸಾಂಬಾರನ್ನು ನಾವು ಹಾಗೆ ಹೊಗಳುತ್ತೇವೆಯೇ?

ಪ್ಲೇಟಿನೊಡನೆ ಒಂದು ಚೀಟಿ ಇಡೋಣ: ಯಾರ ಹಾಡು, ಯಾವ ಕಾಲದ್ದು, ಯಾವ ಮಗ್ಗುಲು ಹಿಡಿಸಿತು, ಯಾವುದು ಹಿಡಿಸಲಿಲ್ಲ. ಮೊದಲ ಚೀಟಿಯನ್ನು ಆ ಇಬ್ಬರು ಗೆಳೆಯರೇ ಕೂಡಿ ಬರೆಯಲಿ.