ಬಿಟ್ಟ ಮೀನು, ಹಿಡಿದ ಮೀನು

ಕೆರೆಯ ದಡದಲ್ಲಿ ಗಾಳ ಹಾಕಿಕೊಂಡು ಕುಳಿತವನನ್ನು ಕಂಡರೆ ನಮ್ಮ ಜನ ಎರಡು ಮಾತನ್ನಾಡುವುದುಂಟು. ಇವನಿಗೆ ಮಾಡಲು ಕೆಲಸವಿಲ್ಲ ಎಂಬುದು ಒಂದು. ಇವನಿಗೆ ದಯೆಯಿಲ್ಲ ಎಂಬುದು ಇನ್ನೊಂದು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನು ಈ ವಿಷಯವನ್ನು ಎತ್ತಿಕೊಂಡರೆ, "ಪಂಡಿತರಿಗೇಕೆ ಮೀನಿನ ಗೊಡವೆ?" ಎಂಬ ಮೂರನೆಯ ಮಾತೂ ಹುಟ್ಟೀತು. ಮೊದಲು ಅದಕ್ಕೆ ಉತ್ತರ ಹೇಳಿ ಮುಂದುವರಿಯುತ್ತೇನೆ.

ನಾನು ಹುಟ್ಟಿದ್ದು ತುಂಗಾನದಿಯ ದಡದಲ್ಲಿ, ಮೀನು ಉಣ್ಣುವ ಮನೆಯಲ್ಲಿ. ಅಕ್ಷರ ಕಲಿಯುವ ಮೊದಲೇ ಗಾಳಕ್ಕೆ ಎರೆಹುಳು ಸಿಕ್ಕಿಸುವುದನ್ನು ಕಲಿತಿದ್ದೆ. ಮುಂದೆ ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ, ಈ ಕೆಲಸ ಅಷ್ಟೇನೂ ಹೀನವಲ್ಲವೆಂಬುದಕ್ಕೆ ದೊಡ್ಡ ಆಧಾರವೇ ಸಿಕ್ಕಿತು. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಗ್ರಂಥವನ್ನು ಬರೆದನಷ್ಟೆ. ರಾಜನೀತಿ, ಅಡಿಗೆ, ಸಂಗೀತ ಮೊದಲಾದವುಗಳ ಜೊತೆಗೆ ಅದರಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಭಾಗವೂ ಉಂಟು. ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿಚಾರಿಸಿದ್ದಾನೆ. ಹಿಡಿಯುವ ಮೊದಲು ಮೀನನ್ನು ಸಾಕಬೇಕು, ಮೇವು ಹಾಕಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ನಮ್ಮಲ್ಲಿತ್ತು. ನಾನು ಇಂದು ಹೇಳಹೊರಟಿರುವುದೂ ಹಾಗೆ ಮನುಷ್ಯನೇ ಸಾಕಿ ಕೆರೆಗೆ ಬಿಟ್ಟ ಒಂದು ಮೀನಿನ ವಿಷಯ. ಅದರ ಹೆಸರು ಟ್ರೌಟ್.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಊಟಿಗೆ ಹೋಗಿರುವವರು ನಿಮ್ಮಲ್ಲಿ ಅನೇಕರಿರಬಹುದು. ಊಟಿಯಿಂದ ಇನ್ನೂ ಸುಮಾರು 28 ಕಿಲೋಮೀಟರು ಹೋದರೆ ಅವಲಾಂಚಿ ಎಂಬ ಸ್ಥಳ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರ. ಅಲ್ಲಿಯೂ ಅದರ ಪಕ್ಕದ ಎಮರಾಲ್ಡಿನಲ್ಲಿಯೂ ಕುಂದಾ ಜಲವಿದ್ಯುತ್ ಯೋಜನೆಗಾಗಿ, ಕೆನಡಾ ದೇಶದ ನೆರವಿನೊಡನೆ, ಕಣಿವೆಗಳಿಗೆ ಕಟ್ಟೆ ಕಟ್ಟಿ ದೊಡ್ಡ ಕೆರೆಗಳನ್ನು ಮಾಡಿದರು. ಸುತ್ತಲಿನ ಬಡಗ ಜನರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರದ್ದು. ಕಿವಿಗೊಟ್ಟು ಕೇಳಿದರೆ ಮಾತಿನ ನಡುವೆ ನಮ್ಮ ಹಳೆಯ ಪದಗಳು ಪರಿಚಯದ ಮುಖ ತೋರಿಸುತ್ತವೆ.

ಟ್ರೌಟ್ ಈ ನಾಡಿನದಲ್ಲ. ನಮ್ಮಲ್ಲಿರುವ ರೇನ್‌ಬೋ ಟ್ರೌಟಿನ ತವರು ಉತ್ತರ ಅಮೆರಿಕದ ಪಶ್ಚಿಮದ ನದಿಗಳು. ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಗುಲಾಬಿ ಬಣ್ಣದ ಪಟ್ಟಿ, ಬೆನ್ನ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ಕಾಮನಬಿಲ್ಲಿನ ಹೆಸರು ಅದಕ್ಕೆ ಸಲ್ಲುತ್ತದೆ. 'ಮೀನು' ಎಂಬ ನಮ್ಮ ಪದವು ಮಿನುಗುವುದರಿಂದಲೇ ಬಂದಿರಬೇಕೆಂದು ಹೇಳುವ ವಿದ್ವಾಂಸರಿದ್ದಾರೆ. ಈ ಮೀನು ಬೆಳಗಿನ ಬಿಸಿಲಲ್ಲಿ ನೀರಿನಿಂದ ಮೇಲಕ್ಕೆ ಹಾರುವುದನ್ನು ಕಂಡವರು ಆ ಮಾತನ್ನು ಒಪ್ಪಿಯಾರು.

ಇದನ್ನು ನೀಲಗಿರಿಗೆ ತರುವ ಪ್ರಯತ್ನ 1860ರ ದಶಕದಲ್ಲಿಯೇ ನಡೆಯಿತು. ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ವೈದ್ಯ ಫ್ರಾನ್ಸಿಸ್ ಡೇ ಆಗ ಪ್ರಯತ್ನಿಸಿದರು, ಫಲಿಸಲಿಲ್ಲ. 1907ರ ಸುಮಾರಿಗೆ ಹೆಚ್. ಸಿ. ವಿಲ್ಸನ್ ಎಂಬುವರ ದುಡಿಮೆಯಿಂದ ಅವಲಾಂಚಿಯಲ್ಲಿ ಮೀನುಮರಿ ಮಾಡುವ ಕೇಂದ್ರ ನೆಲೆಗೊಂಡಿತು. ಈ ಮೀನಿಗೆ ತಣ್ಣೀರೇ ಪ್ರಾಣ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು. ನೀರಿನ ಶಾಖ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಟ್ರೌಟಿಗೆ ಕಳವಳ ಮೊದಲಾಗುತ್ತದೆ. ಆದುದರಿಂದಲೇ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಇದು ಬದುಕಲಾರದು.

ಇನ್ನು ನನ್ನ ಕಥೆಗೆ ಬರುತ್ತೇನೆ. 1991ರ ಬೇಸಗೆ ರಜ. ನನಗಾಗ ಇಪ್ಪತ್ತೆರಡು ವರ್ಷ. ನನ್ನ ಅಕ್ಕನ ಗಂಡ ಆ ಸೀಮೆಯ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದರು. ಹಿಂದಿನ ಚಳಿಗಾಲದಲ್ಲಿ ಅವರಿಗೆ ಹೃದಯದ ತೊಂದರೆಯಾಗಿ, ಬೆಟ್ಟ ಹತ್ತಕೂಡದು, ಕೋಪ ಮಾಡಿಕೊಳ್ಳಕೂಡದು ಎಂದು ವೈದ್ಯರು ಕಟ್ಟುಮಾಡಿದ್ದರು. ತೊರೆಯ ಗುಂಟ ಮೈಲಿಗಟ್ಟಲೆ ನಡೆದು ಮೀನು ಹಿಡಿಯುತ್ತಿದ್ದ ಮನುಷ್ಯನಿಗೆ ಉಳಿದದ್ದು ಕೆರೆಯ ದಡವೊಂದೇ. "ಒಬ್ಬರನ್ನೇ ಕಳಿಸುವುದಕ್ಕೆ ನನಗೆ ಧೈರ್ಯವಿಲ್ಲ, ನೀನೂ ಜೊತೆಗೆ ಹೋಗು" ಎಂದು ಅಕ್ಕ ನನ್ನನ್ನು ಕಾವಲಿಗೆ ಹಾಕಿದಳು. ಪರವಾನಗಿಯ ಚೀಟಿ ಮಾಡಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಬೆಳಕು ಹರಿಯುವ ಮೊದಲೇ ಹೊರಟೆವು.

ದೋಣಿಯಿಲ್ಲದೆ ದಡದಿಂದಲೇ ಹಿಡಿಯುವವನಿಗೆ ಕೆರೆಯ ಸ್ವಭಾವ ತಿಳಿದಿರಬೇಕು. ಭಾವನವರು ಅಂದು ನನಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ತೊರೆ ಬಂದು ಕೆರೆಗೆ ಸೇರುವ ಜಾಗ ಒಳ್ಳೆಯದು. ಅಲ್ಲಿ ನೀರು ತಣ್ಣಗಿರುತ್ತದೆ, ಹುಳುಹುಪ್ಪಟೆಗಳು ತೇಲಿಬರುತ್ತವೆ. ಗಾಳಿ ಯಾವ ದಡಕ್ಕೆ ಬೀಸುತ್ತದೆಯೋ ಆ ದಡದಲ್ಲಿಯೂ ಮೇವು ಸೇರುತ್ತದೆ. ಮುಂಜಾನೆಯೂ ಸಂಜೆಯೂ ಮೀನು ಮೇಲಕ್ಕೆ ಬರುವ ಹೊತ್ತು. ನಡುಹಗಲಿನಲ್ಲಿ ಆಳಕ್ಕೆ ಇಳಿಯುತ್ತದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಕಾಲು ಕುಟ್ಟಿ ನಡೆಯಬಾರದು; ನೆಲದ ಅದಿರು ನೀರಿಗೆ ಮುಟ್ಟುತ್ತದೆ. ಸ್ಪೂನ್ ಎಂದು ಕರೆಯುವ ಹೊಳೆಯುವ ತಗಡನ್ನು ದೂರಕ್ಕೆ ಎಸೆದು, ಸ್ವಲ್ಪ ಮುಳುಗಗೊಟ್ಟು, ರೀಲನ್ನು ನಿಧಾನವಾಗಿ ಸುತ್ತಬೇಕು. ಮೀನು ಕಚ್ಚಿದೊಡನೆ ಜಗ್ಗಬಾರದು. ಟ್ರೌಟಿನ ಬಾಯಿ ಮೆತು, ಹರಿದುಹೋಗುತ್ತದೆ. ಅದು ಓಡುವಷ್ಟು ಓಡಲಿ, ದಾರ ಬಿಡಬೇಕು, ನಿಂತಾಗ ಎಳೆದುಕೊಳ್ಳಬೇಕು.

ಹೊಸದಾಗಿ ತಂದು ಬಿಟ್ಟ ಮೀನಿನ ವಿಷಯವನ್ನು ಮಾತ್ರ ಅವರು ಬೇರೆಯಾಗಿಯೇ ಹೇಳಿದರು. ತೊಟ್ಟಿಯಲ್ಲಿ ಬೆಳೆದ ಮರಿ ಕೆಲವು ದಿನ ಬಿಟ್ಟ ಜಾಗದ ಸಮೀಪದಲ್ಲೇ ಗುಂಪುಗೂಡಿ ಸುತ್ತುತ್ತಿರುತ್ತದೆ. ಮನುಷ್ಯನ ಕೈಯಿಂದ ತಿಂದು ಅಭ್ಯಾಸ. ಅದಕ್ಕೆ ಭಯವೇ ಗೊತ್ತಿಲ್ಲ. "ಅದನ್ನು ಹಿಡಿಯುವುದೆಂದರೆ ನಮ್ಮ ಅಂಗಳದ ಕೋಳಿಯನ್ನು ನಾವೇ ಹಿಡಿದಂತೆ. ಅದರಲ್ಲೇನು ಶೌರ್ಯ?" ಎಂದರು.

ನನಗೆ ತುಂಗೆಯ ದಡದ ಗರ್ವ. ತಗಡಿನ ಆಟ ನನಗೆ ಬೇಡವೆಂದು ಅಕ್ಕನ ತರಕಾರಿ ಮಡಿಯಿಂದ ಅಗೆದು ತಂದ ಎರೆಹುಳುವನ್ನೇ ಸಿಕ್ಕಿಸಿ, ಬೆಂಡು ಕಟ್ಟಿ ಕುಳಿತೆ. ಹತ್ತು ಗಂಟೆಯೊಳಗೆ ಭಾವನವರಿಗೆ ಒಂದು, ನನಗೆ ಎರಡು ಒಳ್ಳೆಯ ಮೀನು ಸಿಕ್ಕವು. ಅವರು ಜೇಬಿನಿಂದ ಸಣ್ಣದೊಂದು ಲೆಕ್ಕದ ಪುಸ್ತಕವನ್ನು ತೆಗೆದು, ತಾರೀಖು ಹಾಕಿ, 'ಮೂರು' ಎಂದು ಬರೆದರು. ಚೀಟಿಯಲ್ಲಿ ಇನ್ನೂ ಹಿಡಿಯಲು ಅವಕಾಶವಿತ್ತು. "ಮನೆಯಲ್ಲಿ ಮೂರು ತಲೆ, ಮೂರು ಮೀನು, ಸಾಕು" ಎಂದು ಕೋಲನ್ನು ಮಡಿಸಿಟ್ಟು, ಮರದ ನೆರಳಲ್ಲಿ ಟವೆಲು ಹಾಸಿ ಮಲಗಿದರು.

ನನಗೆ ಸಾಕಾಗಿರಲಿಲ್ಲ. ಹಿಡಿದು ಬಿಟ್ಟುಬಿಟ್ಟರೆ ತಪ್ಪೇನು, ಲೆಕ್ಕಕ್ಕೂ ಬರುವುದಿಲ್ಲ, ಪಾಪವೂ ತಟ್ಟುವುದಿಲ್ಲ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿಕೊಂಡು ಸ್ವಲ್ಪ ದೂರ ಹೋಗಿ ಮತ್ತೆ ಗಾಳ ಹಾಕಿದೆ. ಬಿಸಿಲು ಏರಿತ್ತು. ಗೇಣುದ್ದದ ಮೀನುಗಳು ಒಂದರ ಹಿಂದೆ ಒಂದು ಬಿದ್ದವು, ಒಟ್ಟು ಐದು. ಒಂದೊಂದನ್ನೂ ಬಂಡೆಯ ಮೇಲಿಟ್ಟು, ಒಣಗೈಯಲ್ಲಿ ಅದುಮಿ ಹಿಡಿದು, ಗಂಟಲಿಗೆ ಇಳಿದಿದ್ದ ಗಾಳವನ್ನು ಕಿತ್ತು, ನೀರಿಗೆ ಎಸೆದೆ. ಅವು ಬಾಲ ಬಡಿದು ಆಳಕ್ಕೆ ಹೋದವು. ನನಗೆ ಬಹಳ ಉದಾರಿಯಾದ ಹೆಮ್ಮೆ.

ಮೂರು ಗಂಟೆಯ ಹೊತ್ತಿಗೆ ಭಾವನವರು ಎದ್ದು ದಡದ ಗುಂಟ ಮೆಲ್ಲನೆ ನಡೆದು ಬಂದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಕಲ್ಲುಗಳ ನಡುವೆ ನೊರೆಯ ಜೊತೆಗೆ ಮೂರು ಮೀನು ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವರು ಬಗ್ಗಿ ಒಂದನ್ನು ಎತ್ತಿ ಕಿವಿರನ್ನು ಬಿಡಿಸಿ ನೋಡಿದರು.

"ಇವನ್ನು ಯಾವ ಲೆಕ್ಕಕ್ಕೆ ಬರೆಯಲಿ?" ಎಂದು ಕೇಳಿದರು.

"ನಾನು ಬಿಟ್ಟುಬಿಟ್ಟೆನಲ್ಲ, ಭಾವ" ಎಂದೆ.

"ನೀನು ಬಿಟ್ಟೆ. ಅದು ಬದುಕಿತೇ ಎಂದು ನೋಡಿದೆಯಾ ಮಾರಾಯ?"

ಕೋಪ ಮಾಡಿಕೊಳ್ಳಕೂಡದೆಂದು ವೈದ್ಯರು ಹೇಳಿದ್ದರಷ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಸತ್ತ ಮೂರನ್ನೂ ಬುಟ್ಟಿಗೆ ಹಾಕಿಸಿದರು. ಪುಸ್ತಕ ತೆಗೆದು 'ಮೂರು' ಎಂಬುದನ್ನು ಹೊಡೆದು 'ಆರು' ಎಂದು ತಿದ್ದಿದರು. ಸಂಜೆಯ ಒಳ್ಳೆಯ ಹೊತ್ತು ಆಗತಾನೇ ಬರುವುದರಲ್ಲಿತ್ತು. ನನ್ನ ಕೋಲನ್ನೂ ಮಡಿಸಿಸಿ ಮನೆಗೆ ಕರೆತಂದರು. "ಈ ವಾರದ ನಮ್ಮ ಪಾಲು ಮುಗಿಯಿತು" ಎಂದವರು, ನಾನು ಅಲ್ಲಿದ್ದ ಉಳಿದ ದಿನಗಳಲ್ಲಿ ಮತ್ತೆ ಗಾಳ ಮುಟ್ಟಲಿಲ್ಲ. ಬೇರೆ ಸಂತೋಷವಿಲ್ಲದ ಆ ಮನುಷ್ಯನ ಒಂದು ವಾರವನ್ನು ನಾನು ತಿಂದುಹಾಕಿದ್ದೆ.

ಗಾಳದ ಬದಲು, ಎರಡು ದಿನ ಬಿಟ್ಟು ನನ್ನನ್ನು ಮರಿಕೇಂದ್ರಕ್ಕೆ ಕರೆದುಕೊಂಡು ಹೋದರು. ಚಳಿಗಾಲದಲ್ಲಿ ಅಲ್ಲಿ ನಡೆಯುವ ಕೆಲಸವನ್ನು ಒಬ್ಬ ಹಿರಿಯ ನೌಕರರು ಸಾವಧಾನವಾಗಿ ವಿವರಿಸಿದರು. ಟ್ರೌಟ್ ನಿಂತ ನೀರಿನಲ್ಲಿ ಸಂತಾನ ಬೆಳೆಸದು. ಅದಕ್ಕೆ ಹರಿಯುವ ತಣ್ಣೀರೂ ಜಲ್ಲಿಕಲ್ಲಿನ ತಳವೂ ಬೇಕು. ಆದುದರಿಂದ ಕೆರೆಗೆ ಬಿಡುವ ಮೀನಿಗೆ ಮನುಷ್ಯನೇ ಸೂಲಗಿತ್ತಿ. ಗರ್ಭ ತುಂಬಿದ ಹೆಣ್ಣು ಮೀನಿನ ಹೊಟ್ಟೆಯನ್ನು ಮೃದುವಾಗಿ ನೀವಿ ಮೊಟ್ಟೆಯನ್ನು ಬೋಗುಣಿಗೆ ಇಳಿಸುತ್ತಾರೆ. ಒಂದು ಕಿಲೋ ತೂಕದ ಮೀನಿನಲ್ಲಿ ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ಮೊಟ್ಟೆ. ಗಂಡು ಮೀನಿನ ಹಾಲನ್ನು ಬೆರೆಸಿ, ಆಮೇಲೆ ನೀರು ಸೇರಿಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಹರಡುತ್ತಾರೆ. ನೀರು 10 ಡಿಗ್ರಿ ಇದ್ದರೆ ಮರಿ ಹೊರಬರಲು ಹೆಚ್ಚುಕಡಮೆ ಒಂದು ತಿಂಗಳು. ನಡುವೆ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ, ಅವೇ ಕಣ್ಣು. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದನ್ನು ಒಂದೊಂದಾಗಿ ಹೆಕ್ಕಿ ತೆಗೆಯದಿದ್ದರೆ ಬೂಸು ಹಿಡಿದು ಪಕ್ಕದವೂ ಕೆಡುತ್ತವೆ. ಮರಿ ಹೊರಬಂದ ಮೇಲೆ ಮೇವು ಕೊಡುವ, ತೊಟ್ಟಿ ತೊಳೆಯುವ, ಗಾತ್ರ ನೋಡಿ ಬೇರ್ಪಡಿಸುವ ಕೆಲಸ ತಿಂಗಳುಗಟ್ಟಲೆ. ಕೊನೆಗೆ ಗೇಣುದ್ದ ಬೆಳೆದು ಕೆರೆ ಸೇರಿದ ಮೀನನ್ನು ನಾನು ಒಣಗೈಯಲ್ಲಿ ಅದುಮಿ ಎಸೆದಿದ್ದೆ.

ಏಕೆ ಸತ್ತವು ಎಂಬುದನ್ನೂ ಅಲ್ಲಿಯೇ ತಿಳಿದೆ. ಮೀನಿನ ಮೈಮೇಲಿನ ಲೋಳೆ ಅದರ ಕವಚ. ಒಣಗೈ ತಾಗಿದರೆ, ಬಿಸಿಬಂಡೆಯ ಮೇಲಿಟ್ಟರೆ ಆ ಕವಚ ಕಳಚುತ್ತದೆ. ಎರೆಹುಳುವನ್ನು ಟ್ರೌಟ್ ಗಂಟಲಿನವರೆಗೆ ನುಂಗುತ್ತದೆ. ಗಾಳ ಕಿತ್ತರೆ ಒಳಗೆ ಹರಿಯುತ್ತದೆ. ಬಿಸಿಲಿಗೆ ಮೇಲಿನ ನೀರು ಕಾದಾಗ ದಣಿದ ಮೀನು ಸುಧಾರಿಸಿಕೊಳ್ಳಲಾರದು. ಆದುದರಿಂದ ದಡದಲ್ಲಿ ಕೂರುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಬಿಡುವುದಾದರೆ ಕೈಯನ್ನು ಒದ್ದೆಮಾಡಿಕೊಳ್ಳಿ, ಮೀನನ್ನು ನೀರಿನಿಂದ ಹೊರಗೆ ತೆಗೆಯಬೇಡಿ. ಗಾಳ ಆಳಕ್ಕೆ ಹೋಗಿದ್ದರೆ ಕೀಳಬೇಡಿ. ಬಾಯಿಯ ಬಳಿ ದಾರವನ್ನು ಕತ್ತರಿಸಿಬಿಡಿ. ತಾನಾಗಿ ಈಜುವವರೆಗೆ ಅದನ್ನು ನೀರಿನಲ್ಲಿ ನೆಟ್ಟಗೆ ಹಿಡಿದಿರಿ. ಹಿಡಿದು ಬಿಡುವ ಆಟವೇ ಬೇಕೆಂದಿದ್ದರೆ ಹುಳುವನ್ನು ಬಿಟ್ಟು ತಗಡನ್ನು ಬಳಸಿ, ಗಾಳದ ತುದಿಯ ಹಿಮ್ಮುಖದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಹುಳುವಿನಲ್ಲೇ ಹಿಡಿಯುವವರು ಊಟಕ್ಕೆ ಬೇಕಾದಷ್ಟು ಸಿಕ್ಕೊಡನೆ ಕೋಲನ್ನು ಮಡಿಸುವುದೇ ಧರ್ಮ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೊರನಾಡಿನ ಮೀನನ್ನು ತಂದು ಬಿಡುವುದು ಎಲ್ಲೆಡೆಯೂ ಒಳಿತಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ನೂರು ಪರಕೀಯ ಜೀವಿಗಳ ಪಟ್ಟಿಯಲ್ಲಿ ಈ ರೇನ್‌ಬೋ ಟ್ರೌಟಿನ ಹೆಸರೂ ಇದೆ. ಸ್ಥಳೀಯ ಮೀನು, ಕಪ್ಪೆಗಳನ್ನು ಇದು ತಿನ್ನುತ್ತದೆ. ನೀಲಗಿರಿಯ ಆ ಎತ್ತರದ ಹುಲ್ಲುಗಾವಲಿನ ಒಂದು ಭಾಗ 1990ರಿಂದ ಮುಕುರ್ತಿ ರಾಷ್ಟ್ರೀಯ ಉದ್ಯಾನವಾಗಿದೆ. ಆದುದರಿಂದ ಎಲ್ಲಿ ಹಿಡಿಯಬಹುದು, ಎಲ್ಲಿ ಕೂಡದು ಎಂಬುದನ್ನು ಹೊರಡುವ ಮುನ್ನವೇ ಇಲಾಖೆಯವರಲ್ಲಿ ವಿಚಾರಿಸತಕ್ಕದ್ದು. ಬಕೆಟ್ಟಿನಲ್ಲಿ ಮರಿಯನ್ನು ಒಯ್ದು ಮನಬಂದ ತೊರೆಗೆ ಬಿಡುವ ಸಾಹಸವನ್ನಂತೂ ಯಾರೂ ಮಾಡಬಾರದು.

ಭಾವನವರು 1996ರಲ್ಲಿ ತೀರಿಕೊಂಡರು. ಅಕ್ಕ ಅವರ ಗಾಳದ ಕೋಲನ್ನೂ ಆ ಲೆಕ್ಕದ ಪುಸ್ತಕವನ್ನೂ ನನಗೆ ಕೊಟ್ಟಳು. ತೆಗೆದು ನೋಡಿದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಆ ತಿದ್ದಿದ ಪುಟವೇ.

ಟ್ರೌಟ್ ಕಾಣದ ನಮ್ಮೂರಿಗೂ ಈ ಮಾತು ಹೊರತಲ್ಲ. ನಮ್ಮ ಕೆರೆಗಳಿಗೂ ಮಳೆಗಾಲದಲ್ಲಿ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡುತ್ತಾರೆ. ಅದು ಯಾರೋ ದುಡಿದು ಇಟ್ಟ ಬುತ್ತಿ, ಪಾಲು ಎಲ್ಲರದು. ಮುಂದಿನ ಸಲ ನೀವು ದಡದಲ್ಲಿ ಕುಳಿತಾಗ, ಬುಟ್ಟಿಯೊಳಗಿನ ಮೀನನ್ನು ಎಣಿಸುವುದರ ಜೊತೆಗೆ ನೀರಿಗೆ ಹಿಂದಕ್ಕೆ ಬಿಟ್ಟದ್ದನ್ನೂ ಎಣಿಸಿರಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.