ಯಾರ ನುಡಿಯಲ್ಲಿ ನ್ಯಾಯ?

(ಸ್ವಾತಂತ್ರ್ಯೋತ್ಸವದ ಅಂಗವಾಗಿ ನಡೆದ ಯುವಜನರ ವಿಚಾರ ಸಂಕಿರಣದಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾತಂತ್ರ್ಯದ ಸಭೆಗಳಲ್ಲಿ ನಾವು ಬ್ರಿಟಿಷರನ್ನು ಬೈಯುತ್ತೇವೆ, ಹುತಾತ್ಮರನ್ನು ನೆನೆಯುತ್ತೇವೆ, ಸಿಹಿ ತಿಂದು ಮನೆಗೆ ಹೋಗುತ್ತೇವೆ. ಇವತ್ತು ನಿಮ್ಮ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ. ಬ್ರಿಟಿಷರೇನೋ ಹೋದರು. ಆದರೆ ನ್ಯಾಯ ಕೇಳಲು ಹೈಕೋರ್ಟಿನ ಮೆಟ್ಟಿಲು ಹತ್ತಿದ ಕನ್ನಡಿಗನಿಗೆ, ಒಳಗೆ ತನ್ನ ಬಗ್ಗೆ ಏನು ಮಾತಾಡುತ್ತಿದ್ದಾರೆಂದು ಇವತ್ತಿಗಾದರೂ ತಿಳಿಯುತ್ತದೆಯೆ?

ರಾಯಚೂರು ಕಡೆಯ ಒಬ್ಬ ರೈತನ ಜಮೀನಿನ ವ್ಯಾಜ್ಯವನ್ನೇ ಊಹಿಸಿಕೊಳ್ಳಿ. ಪಹಣಿ ಕನ್ನಡದಲ್ಲಿದೆ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳು ಕನ್ನಡದಲ್ಲೇ ಹೇಳಿಕೆ ಕೊಟ್ಟಿದ್ದಾರೆ. ಅದೇ ವ್ಯಾಜ್ಯ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋದಾಗ ಕಾಗದಪತ್ರಗಳನ್ನು ಇಂಗ್ಲಿಷಿಗೆ ಭಾಷಾಂತರ ಮಾಡಿಸಬೇಕು. ಅದಕ್ಕೆ ದುಡ್ಡು, ಅದಕ್ಕೆ ಕಾಲ. ಜಮೀನು ಅವನದು, ಬೆವರು ಅವನದು, ಆದರೆ ತೀರ್ಪಿನಲ್ಲಿ ಏನು ಬರೆದಿದೆ ಎಂದು ತಿಳಿಯಲು ಅವನು ವಕೀಲರ ಮುಖ ನೋಡಬೇಕು. ಇದು ಎಂಥ ಸ್ವಾತಂತ್ರ್ಯ?

ಇದನ್ನು ಕೇಳಿದರೆ ‘ಸಂಕುಚಿತ ಮನೋಭಾವದವರು’ ಎಂದು ನಮ್ಮನ್ನು ಹಳಿಯುವವರಿದ್ದಾರೆ. ಅಂಥವರು ಇಂಗ್ಲೆಂಡಿನ ಚರಿತ್ರೆಯನ್ನೇ ಓದಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದವರ ಫ್ರೆಂಚ್ ಭಾಷೆ ಅಲ್ಲಿನ ಕೋರ್ಟುಗಳಲ್ಲಿ ಬೇರುಬಿಟ್ಟಿತು. ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, 1362ರಲ್ಲಿ, ಜನಕ್ಕೆ ಫ್ರೆಂಚ್ ತಿಳಿಯುವುದಿಲ್ಲ, ಆದ್ದರಿಂದ ವಾದ ಇಂಗ್ಲಿಷಿನಲ್ಲೇ ನಡೆಯಬೇಕು ಎಂದು ಅವರ ಪಾರ್ಲಿಮೆಂಟು ಶಾಸನ ಮಾಡಿತು. ತಮಾಷೆಯೆಂದರೆ ಆ ಶಾಸನವನ್ನು ಬರೆದದ್ದೂ ಫ್ರೆಂಚಿನಲ್ಲೇ! ದಾಖಲೆಗಳಲ್ಲಿ ಉಳಿದಿದ್ದ ಲ್ಯಾಟಿನ್ ಹೋಗಲು 1733ರವರೆಗೆ ಕಾಯಬೇಕಾಯಿತು. ಸೋತವರ ನುಡಿಗೆ ಕೋರ್ಟಿನಲ್ಲಿ ಜಾಗ ಕೊಡಿಸಿದ ಇಂಗ್ಲಿಷರನ್ನು ಯಾರೂ ಸಂಕುಚಿತರೆನ್ನಲಿಲ್ಲ.

ಅದೇ ಇಂಗ್ಲಿಷರು ಇಲ್ಲಿ ಏನು ಮಾಡಿದರು? ಮೊಗಲರ ಕಾಲದಿಂದ ಬಂದಿದ್ದ ಪರ್ಷಿಯನ್ ಭಾಷೆಯನ್ನು ಕೋರ್ಟುಗಳಿಂದ ತೆಗೆಯಲು 1837ರಲ್ಲಿ ಕಾಯ್ದೆ ತಂದರು. ಕೆಳಗಿನ ಕೋರ್ಟುಗಳಿಗೆ ದೇಶಭಾಷೆ ಬಂತು, ಮೇಲಿನ ಕೋರ್ಟುಗಳಲ್ಲಿ ಇಂಗ್ಲಿಷ್ ಕುಳಿತಿತು. ಕೆಳಗೆ ಆಳಿಸಿಕೊಳ್ಳುವವರ ನುಡಿ, ಮೇಲೆ ಆಳುವವರ ನುಡಿ. ಈ ಮೇಲು-ಕೀಳಿನ ಏರ್ಪಾಡು ಇವತ್ತಿಗೂ ಹಾಗೇ ಇದೆ.

ಸಂವಿಧಾನದ 348ನೇ ವಿಧಿಯ ಪ್ರಕಾರ, ಪಾರ್ಲಿಮೆಂಟು ಬೇರೆ ಕಾನೂನು ಮಾಡುವವರೆಗೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ. ಆದರೆ ಅದೇ ವಿಧಿಯ ಎರಡನೇ ಖಂಡದಲ್ಲಿ ಒಂದು ಬಾಗಿಲಿದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನ ಕಲಾಪಕ್ಕೆ ರಾಜ್ಯದ ಆಡಳಿತ ಭಾಷೆಯನ್ನು ಬಳಸಲು ಅನುಮತಿ ಕೊಡಬಹುದು. ರಾಜಸ್ಥಾನಕ್ಕೆ 1950ರಲ್ಲಿ, ಉತ್ತರ ಪ್ರದೇಶಕ್ಕೆ 1969ರಲ್ಲಿ, ಮಧ್ಯ ಪ್ರದೇಶಕ್ಕೆ 1971ರಲ್ಲಿ, ಬಿಹಾರಕ್ಕೆ 1972ರಲ್ಲಿ ಈ ಬಾಗಿಲು ತೆರೆಯಿತು. ನಾಲ್ಕೂ ಕಡೆ ಒಳಗೆ ಹೋದದ್ದು ಹಿಂದಿ! ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳ, ಛತ್ತೀಸ್‌ಗಢಗಳ ಜೊತೆ ಕರ್ನಾಟಕವೂ ಕೇಳಿತು. 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಪೂರ್ಣ ಸಭೆ ಈ ಬೇಡಿಕೆಗಳನ್ನು ಒಪ್ಪಲಿಲ್ಲ. ಒಂದೇ ಸಂವಿಧಾನ, ಒಂದೇ ವಿಧಿ. ಹಿಂದಿಗೆ ಅಂದು ತೆರೆದ ಬಾಗಿಲು ಕನ್ನಡಕ್ಕೆ ಯಾಕೆ ಮುಚ್ಚಬೇಕು?

‘ಕನ್ನಡದಲ್ಲಿ ತೀರ್ಪು ಬರೆಯಲು ಆಗುವುದಿಲ್ಲ’ ಎನ್ನುವ ಮಾತಿಗೆ 2024ರ ಡಿಸೆಂಬರಿನಲ್ಲಿ ಉತ್ತರ ಸಿಕ್ಕಿತು. ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಿತು. ಪತ್ರಿಕೆಗಳೆಲ್ಲ ಅದನ್ನು ದೊಡ್ಡ ಸುದ್ದಿ ಮಾಡಿದವು. ಸಂತೋಷವೇ. ಆದರೆ ಕನ್ನಡ ನಾಡಿನ ಹೈಕೋರ್ಟಿನಲ್ಲಿ ಕನ್ನಡದ ತೀರ್ಪು ಸುದ್ದಿಯಾಗುತ್ತದೆ ಎಂಬುದಕ್ಕೆ ನಾವು ತಲೆ ತಗ್ಗಿಸಬೇಡವೆ?

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಬೇರೆ ರಾಜ್ಯಗಳಿಂದ ವರ್ಗವಾಗಿ ಬರುವ ನ್ಯಾಯಮೂರ್ತಿಗಳಿಗೆ ಕನ್ನಡ ಬಾರದು. ಹಳೆಯ ತೀರ್ಪುಗಳ ರಾಶಿ ಇಂಗ್ಲಿಷಿನಲ್ಲಿದೆ. ಭಾಷಾಂತರ ಬೇಕೇ ಬೇಕು. ಆದರೆ ಆ ಹೊರೆಯನ್ನು ಯಾರು ಹೊರಬೇಕು? ಸಂಬಳ ಪಡೆಯುವ ಸರ್ಕಾರವೋ, ಸಾಲ ಮಾಡಿ ಕೋರ್ಟಿಗೆ ಅಲೆಯುವ ಬಡವನೋ? ನಮ್ಮ ಜಗಳ ಇಂಗ್ಲಿಷ್ ಕಲಿಕೆಯ ಮೇಲಲ್ಲ. ದಲಿತರ, ಬಡವರ ಮಕ್ಕಳಿಗೆ ಇಂಗ್ಲಿಷ್ ತೆರೆದ ದಾರಿಯನ್ನು ಮುಚ್ಚಬೇಕೆಂದು ಯಾರೂ ಕೇಳುತ್ತಿಲ್ಲ. ಇಂಗ್ಲಿಷ್ ಬಾರದ ಅವರ ಅಪ್ಪ ಅಮ್ಮಂದಿರು ಕೋರ್ಟಿನಲ್ಲಿ ಮೂಕರಾಗಿ ನಿಲ್ಲಬಾರದು, ಅಷ್ಟೆ.

ಇಂಗ್ಲಿಷ್ ಎದ್ದ ಜಾಗದಲ್ಲಿ ಹಿಂದಿ ಬಂದು ಕೂರುವುದೂ ಬಿಡುಗಡೆಯಲ್ಲ. 1860ರ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ವಸಾಹತು ಗುರುತು ಅಳಿಸಿದೆವೆಂದು ದೆಹಲಿಯವರು ಬೆನ್ನು ತಟ್ಟಿಕೊಂಡರು. ಹೆಸರು ಬದಲಾಯಿತು, ನಿಜ. ಮೇಲಿನ ಕೋರ್ಟಿನಲ್ಲಿ ಕನ್ನಡಿಗ ನಿಂತ ಜಾಗ ಬದಲಾಯಿತೆ?

ಗೆಳೆಯರೇ, ಕೆಲಸ ನಮ್ಮಿಂದಲೇ ಶುರುವಾಗಬೇಕು. ಕಾನೂನು ಓದುತ್ತಿರುವವರು ಕನ್ನಡದಲ್ಲಿ ಅರ್ಜಿ ಬರೆಯುವುದನ್ನು, ವಾದ ಮಾಡುವುದನ್ನು ರೂಢಿಸಿಕೊಳ್ಳಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಇರುವ ಜಾಗವನ್ನು ಪೂರ್ತಿ ಬಳಸಿ. ಉಳಿದವರು ನಿಮ್ಮ ಶಾಸಕರನ್ನು, ಸಂಸದರನ್ನು ಎದುರಿಗೆ ನಿಲ್ಲಿಸಿ ಕೇಳಿ: 2012ರಲ್ಲಿ ಬಿದ್ದುಹೋದ ನಮ್ಮ ಬೇಡಿಕೆಯನ್ನು ಮತ್ತೆ ಎತ್ತುವುದು ಯಾವಾಗ? ಉತ್ತರ ಬರುವವರೆಗೆ ಬಿಡಬೇಡಿ.